ವೇಗದ ಓಟದಲ್ಲಿ ಕೈಕಾಲುಗಳ ಚಲನೆ: ನೂರು ಮೀಟರ್ ಓಟಗಾರರಿಗೂ ತರಬೇತಿ ನೀಡುವವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಯಾವುದೇ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋಗಿ ನೂರು ಮೀಟರ್ ಓಟದ ಗೆರೆಯ ಪಕ್ಕ ನಿಂತರೆ ಕಿವಿಗೆ ಬೀಳುವ ಸಲಹೆಗಳು ಎರಡೇ: ‘ಕೈ ಬೀಸು’, ‘ಮಂಡಿ ಎತ್ತು’. ಎರಡೂ ತಪ್ಪಲ್ಲ. ಆದರೆ ಕೈಯನ್ನು ಎಲ್ಲಿಂದ ಎಲ್ಲಿಗೆ ಬೀಸಬೇಕು, ಮಂಡಿಯನ್ನು ಯಾವ ಕ್ಷಣದಲ್ಲಿ ಎತ್ತಬೇಕು, ಎತ್ತಿದ ಮೇಲೆ ಆ ಕಾಲನ್ನು ಏನು ಮಾಡಬೇಕು ಎಂಬುದನ್ನು ಹೇಳಿಕೊಡದಿದ್ದರೆ ಓಟಗಾರ ಆ ಮಾತುಗಳನ್ನು ‘ಇನ್ನಷ್ಟು ಬಲ ಹಾಕು’ ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾನೆ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಭುಜಗಳನ್ನು ಕಿವಿಯವರೆಗೆ ಏರಿಸಿಕೊಂಡು ಓಡಿ, ಇದ್ದ ವೇಗವನ್ನೂ ಕಳೆದುಕೊಳ್ಳುತ್ತಾನೆ. ಓಟಗಾರನನ್ನು ಮುಂದಕ್ಕೆ ಒಯ್ಯುವುದು ಕಾಲು, ಅದೂ ಪಾದ ನೆಲಕ್ಕೆ ತಾಗಿರುವ ಅತ್ಯಲ್ಪ ಕಾಲದಲ್ಲಿ ಮಾತ್ರ. ಕಾಲಿನ ಆ ಒತ್ತಡ ಸೋರಿಹೋಗದಂತೆ ಮೈಯನ್ನು ನೇರವಾಗಿ ಹಿಡಿದಿಡುವುದು ಕೈಗಳ ಕೆಲಸ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ತಿಳಿವಳಿಕೆಯ ಮೇಲೆ ನಿಂತಿವೆ.

ವೇಗ ಹುಟ್ಟುವ ಜಾಗ

ಓಟದ ವೇಗವೆಂದರೆ ಹೆಜ್ಜೆಯ ಉದ್ದವನ್ನು ಸೆಕೆಂಡಿಗೆ ಬೀಳುವ ಹೆಜ್ಜೆಗಳ ಸಂಖ್ಯೆಯಿಂದ ಗುಣಿಸಿದಾಗ ಬರುವ ಗುಣಲಬ್ಧ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ನೂರು ಮೀಟರ್ ಓಡಿದಾಗ ಅವರು ಇಟ್ಟದ್ದು ಸುಮಾರು 41 ಹೆಜ್ಜೆ. ಎಂದರೆ ಸರಾಸರಿ ಒಂದು ಹೆಜ್ಜೆಗೆ 2.4 ಮೀಟರಿಗಿಂತ ಹೆಚ್ಚು. ಅವರ ಗರಿಷ್ಠ ವೇಗ ಕಂಡುಬಂದದ್ದು 60 ಮತ್ತು 80 ಮೀಟರ್‌ಗಳ ನಡುವೆ, ಗಂಟೆಗೆ ಸುಮಾರು 44 ಕಿಲೋಮೀಟರ್. ಇದನ್ನು ಓದಿದ ಕೂಡಲೇ ‘ಹಾಗಾದರೆ ಹೆಜ್ಜೆಯನ್ನು ಉದ್ದ ಮಾಡಿಕೊಳ್ಳೋಣ’ ಎಂದು ಕಾಲನ್ನು ಮುಂದಕ್ಕೆ ಚಾಚಲು ಹೊರಡುವವರೇ ಬಹಳ. ಅದು ಕಾರ್ಯವನ್ನೂ ಕಾರಣವನ್ನೂ ಅದಲುಬದಲು ಮಾಡಿದಂತೆ. ಉದ್ದನೆಯ ಹೆಜ್ಜೆ ನೆಲವನ್ನು ಬಲವಾಗಿ ಒತ್ತಿದ್ದರ ಫಲವೇ ಹೊರತು ಕಾಲು ಚಾಚಿದ್ದರ ಫಲವಲ್ಲ.

2000ನೇ ಇಸವಿಯಲ್ಲಿ ಪೀಟರ್ ವೇಯಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ತರಬೇತುದಾರರ ಕಣ್ಣು ತೆರೆಸಿತು. ಗರಿಷ್ಠ ವೇಗದಲ್ಲಿ ಓಡುವಾಗ ವೇಗಿಯೂ ನಿಧಾನಿಯೂ ಕಾಲನ್ನು ಗಾಳಿಯಲ್ಲಿ ಹಿಂದಿನಿಂದ ಮುಂದಕ್ಕೆ ತರಲು ಹೆಚ್ಚುಕಡಿಮೆ ಒಂದೇ ಸಮಯ ತೆಗೆದುಕೊಳ್ಳುತ್ತಾರೆ. ದೊಡ್ಡ ವ್ಯತ್ಯಾಸವಿರುವುದು ಅವರು ತಮ್ಮ ತೂಕಕ್ಕೆ ಹೋಲಿಸಿದರೆ ನೆಲದ ಮೇಲೆ ಎಷ್ಟು ಬಲ ಹಾಕುತ್ತಾರೆ ಎಂಬುದರಲ್ಲಿ. ಉತ್ತಮ ಓಟಗಾರನ ಪಾದ ಪೂರ್ಣ ವೇಗದಲ್ಲಿ ನೆಲಕ್ಕೆ ತಾಗಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಅಷ್ಟರೊಳಗೆ ದೇಹದ ತೂಕದ ಹಲವು ಪಟ್ಟು ಬಲ ನೆಲಕ್ಕೆ ಇಳಿದು ಮರಳಿ ಬರಬೇಕು. ಮಂಡಿ ಎತ್ತುವುದು, ಹಿಮ್ಮಡಿ ಮಡಿಸುವುದು, ಮೊಣಕೈ ಹಿಂದಕ್ಕೆ ಎಳೆಯುವುದು, ಎಲ್ಲವೂ ಆ ಒಂದು ಕ್ಷಣಕ್ಕಾಗಿ ನಡೆಯುವ ಸಿದ್ಧತೆ.

ಕೈಗಳು ನಿಜವಾಗಿ ಮಾಡುವುದೇನು

ಬಲಗಾಲು ಮುಂದಕ್ಕೂ ಎಡಗಾಲು ಹಿಂದಕ್ಕೂ ರಭಸದಿಂದ ಹೋಗುವಾಗ ಸೊಂಟದ ಕೆಳಭಾಗ ಒಂದು ದಿಕ್ಕಿಗೆ ತಿರುಚಿಕೊಳ್ಳುತ್ತದೆ. ಅದೇ ಹೊತ್ತಿಗೆ ಎಡಗೈ ಮುಂದಕ್ಕೂ ಬಲಗೈ ಹಿಂದಕ್ಕೂ ಹೋಗಿ ಮೇಲ್ಭಾಗದಲ್ಲಿ ಅದಕ್ಕೆ ಎದುರಾದ ತಿರುಚು ಹುಟ್ಟಿಸುತ್ತವೆ. ಎರಡೂ ಒಂದನ್ನೊಂದು ತೊಡೆದುಹಾಕುವುದರಿಂದ ಎದೆ ಮತ್ತು ಮುಖ ಗುರಿಯ ಕಡೆಗೇ ಉಳಿಯುತ್ತವೆ. ಇದಲ್ಲದೆ ಪಾದ ನೆಲವನ್ನು ಒತ್ತುತ್ತಿರುವಾಗ ಎರಡೂ ಕೈಗಳು ಕೆಳಗಿನಿಂದ ಮೇಲಕ್ಕೆ ಏರುವುದರಿಂದ ಮೈಯನ್ನು ಮೇಲೆತ್ತುವ ಒತ್ತಡಕ್ಕೆ ಅವುಗಳಿಂದ ಸಣ್ಣ ಪಾಲು ಸೇರುತ್ತದೆ. ಮುಂದಕ್ಕೆ ನೂಕುವ ಬಲದಲ್ಲಿ ಅವುಗಳ ನೇರ ಪಾಲು ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಒಂದು ಕೈ ಮುಂದೆ ಹೋದಷ್ಟೇ ಇನ್ನೊಂದು ಹಿಂದೆ ಹೋಗುತ್ತಿರುತ್ತದೆ.

ಇದನ್ನು ನಂಬಲು ಕಷ್ಟವಾದರೆ ಬ್ರೆಜಿಲ್‌ನ ಪ್ಯಾರಾ ಓಟಗಾರ ಪೆಟ್ರೂಸಿಯೊ ಫೆರೇರಾ ಅವರನ್ನು ನೆನೆಯಬೇಕು. ಎಳೆಯ ವಯಸ್ಸಿನಲ್ಲೇ ಎಡಗೈಯ ಮೊಣಕೈ ಕೆಳಗಿನ ಭಾಗವನ್ನು ಕಳೆದುಕೊಂಡ ಅವರು 2022ರಲ್ಲಿ ನೂರು ಮೀಟರನ್ನು 10.29 ಸೆಕೆಂಡಿನಲ್ಲಿ ಮುಗಿಸಿದರು. ನಮ್ಮ ಉಡುಪಿ ಮೂಲದ ಮಣಿಕಂಠ ಹೋಬಳಿದಾರ್ 2023ರಲ್ಲಿ ಬೆಂಗಳೂರಿನಲ್ಲಿ 10.23 ಸೆಕೆಂಡಿನಲ್ಲಿ ಓಡಿದ್ದು ಆಗ ರಾಷ್ಟ್ರೀಯ ದಾಖಲೆಯಾಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಫೆರೇರಾ ಅವರ ಸಾಧನೆಯ ಎತ್ತರ ಮನವರಿಕೆಯಾಗುತ್ತದೆ. ಅರ್ಧ ಕೈಯಿಂದಲೂ ಭುಜದ ಕೀಲು ತನ್ನ ಸಮತೋಲನದ ಕೆಲಸವನ್ನು ಮಾಡಬಲ್ಲದು; ಒತ್ತುವ ಕಾಲು ಮಾತ್ರ ಪೂರ್ತಿ ಇರಬೇಕು.

ಕರಾವಳಿಯವರಿಗೆ ಇಲ್ಲಿ ಕಂಬಳ ನೆನಪಾಗುವುದು ಸಹಜ. 2020ರಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ದಾರಿಯನ್ನು) 13.62 ಸೆಕೆಂಡಿನಲ್ಲಿ ಓಡಿದಾಗ ಅದನ್ನು ನೂರು ಮೀಟರಿಗೆ ಲೆಕ್ಕಹಾಕಿ 9.55 ಸೆಕೆಂಡು ಎಂದು ದೇಶವೆಲ್ಲ ಬೋಲ್ಟ್ ಜೊತೆ ಹೋಲಿಸಿತು. ಕೆಸರುಗದ್ದೆಯಲ್ಲಿ ಆ ವೇಗಕ್ಕೆ ಕಾಲು ಹೊಂದಿಸುವುದು ಅಸಾಮಾನ್ಯ ಕೌಶಲವೇ ಸರಿ. ಆದರೆ ಕಂಬಳದ ಓಟಗಾರನ ಕೈಗಳು ಬೀಸುವ ಕೈಗಳಲ್ಲ, ಹಿಡಿದ ಕೈಗಳು. ಕೋಣಗಳು ಅವನನ್ನು ಎಳೆಯುತ್ತವೆ, ಸಮತೋಲನವನ್ನೂ ಬಹುಮಟ್ಟಿಗೆ ಆ ಹಿಡಿತವೇ ಕೊಡುತ್ತದೆ. ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಎಳೆಯುವವರಿಲ್ಲ, ಹಿಡಿಯಲು ಏನೂ ಇಲ್ಲ. ಎಲ್ಲವನ್ನೂ ತನ್ನ ಮೈಯಿಂದಲೇ ಮಾಡಬೇಕು. ಇವು ಎರಡು ಬೇರೆ ವಿದ್ಯೆಗಳು, ಒಂದರ ಗಡಿಯಾರದಿಂದ ಇನ್ನೊಂದನ್ನು ಅಳೆಯುವುದು ಎರಡಕ್ಕೂ ಸಲ್ಲದು.

ಮೊದಲ ಹಂತ: ಇರುವುದನ್ನು ನೋಡಿಕೊಳ್ಳಿ

ಏನನ್ನೂ ತಿದ್ದುವ ಮೊದಲು ಓಟವನ್ನು ಚಿತ್ರೀಕರಿಸಬೇಕು. ಈಗಿನ ಬಹುತೇಕ ಮೊಬೈಲ್‌ಗಳಲ್ಲಿ ಸ್ಲೋ ಮೋಷನ್ ಸೌಲಭ್ಯವಿದೆ. ಸೆಕೆಂಡಿಗೆ 240 ಚಿತ್ರಗಳ ವೇಗ ಸಿಕ್ಕರೆ ಒಳ್ಳೆಯದು, 120 ಆದರೂ ಸಾಕು. ಮೊಬೈಲನ್ನು ಓಟದ ದಾರಿಯಿಂದ ಹತ್ತು ಮೀಟರಿನಷ್ಟು ದೂರದಲ್ಲಿ, ಸೊಂಟದ ಎತ್ತರದಲ್ಲಿ, ಅಲುಗಾಡದಂತೆ ಇಟ್ಟು, 40 ಮೀಟರಿನ ಗುರುತಿನ ಆಸುಪಾಸಿನ ನಾಲ್ಕೈದು ಹೆಜ್ಜೆಗಳು ಪಕ್ಕದಿಂದ ಕಾಣುವಂತೆ ತೆಗೆಯಬೇಕು. ಇನ್ನೊಮ್ಮೆ ಎದುರಿನಿಂದ ತೆಗೆದರೆ ಕೈಗಳು ಎದೆಯನ್ನು ದಾಟುತ್ತಿವೆಯೇ ಎಂಬುದು ಗೊತ್ತಾಗುತ್ತದೆ.

ಚಿತ್ರವನ್ನು ನಿಲ್ಲಿಸಿ ನೋಡಬೇಕಾದ ಕ್ಷಣ ಒಂದೇ: ಪಾದ ನೆಲಕ್ಕೆ ಮೊದಲು ತಾಗಿದ ಕ್ಷಣ. ಆಗ ಗಾಳಿಯಲ್ಲಿರುವ ಇನ್ನೊಂದು ಕಾಲಿನ ಮಂಡಿ ಎಲ್ಲಿದೆ ಎಂದು ಗಮನಿಸಿ. ಅದು ನೆಲದಲ್ಲಿರುವ ಕಾಲಿನ ಮಂಡಿಯ ಪಕ್ಕಕ್ಕೆ ಬಂದಿದ್ದರೆ ಕಾಲಿನ ಚಕ್ರ ಸರಿಯಾಗಿದೆ. ಅದು ಇನ್ನೂ ಬಹಳ ಹಿಂದೆಯೇ ಉಳಿದಿದ್ದರೆ ಓಟಗಾರ ಕಾಲನ್ನು ಹಿಂದೆ ಎಳೆದಾಡುತ್ತಿದ್ದಾನೆ ಮತ್ತು ಬಹುಶಃ ಮುಂದಿನ ಪಾದವನ್ನು ಮೈಗಿಂತ ಬಹಳ ಮುಂದೆ ಇಡುತ್ತಿದ್ದಾನೆ. ಪಾದ ನೆಲದಲ್ಲಿರುವ ಚಿತ್ರಗಳನ್ನು ಎಣಿಸಿ: 240 ಚಿತ್ರಗಳ ವೇಗದಲ್ಲಿ 24 ಚಿತ್ರಗಳೆಂದರೆ ಸರಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗ. ಪ್ರೌಢಶಾಲೆಯ ಮಕ್ಕಳಲ್ಲಿ ಇದು ಮೂವತ್ತನ್ನು ದಾಟಿದರೆ ಗಾಬರಿಯಾಗಬೇಕಿಲ್ಲ. ತಿಂಗಳುಗಳ ಅಭ್ಯಾಸದಲ್ಲಿ ಅದು ಇಳಿಯುತ್ತಿದೆಯೇ ಎಂಬುದಷ್ಟೇ ಮುಖ್ಯ.

ಎರಡನೇ ಹಂತ: ಕಾಲಿನ ಚಕ್ರವನ್ನು ಕಟ್ಟುವುದು

ಪೂರ್ಣ ವೇಗದಲ್ಲಿ ಪ್ರತಿ ಕಾಲೂ ಒಂದು ಚಕ್ರವನ್ನು ಸುತ್ತುತ್ತದೆ. ಪಾದ ನೆಲ ಬಿಟ್ಟ ಕೂಡಲೇ ಹಿಮ್ಮಡಿ ಪೃಷ್ಠದ ಕಡೆಗೆ ಮಡಚಿಕೊಳ್ಳಬೇಕು, ಏಕೆಂದರೆ ಮಡಚಿದ ಕಾಲು ಗಿಡ್ಡವಾಗುತ್ತದೆ, ಗಿಡ್ಡವಾದದ್ದನ್ನು ಬೇಗ ಮುಂದಕ್ಕೆ ತರಬಹುದು. ಇಲ್ಲಿ ಒಂದು ಸಾಮಾನ್ಯ ತಪ್ಪಿದೆ: ಹಿಮ್ಮಡಿಯನ್ನು ಬೆನ್ನ ಹಿಂದೆ ಎತ್ತಿ ಪೃಷ್ಠಕ್ಕೆ ಬಡಿಯುವುದನ್ನೇ ಅಭ್ಯಾಸವೆಂದು ಮಾಡಿಸುತ್ತಾರೆ. ಹಿಮ್ಮಡಿ ಪೃಷ್ಠದ ಕೆಳಗೆ ಬರಬೇಕು. ಮಂಡಿ ಅದೇ ಹೊತ್ತಿಗೆ ಮುಂದಕ್ಕೆ ಹೊರಟಿರಬೇಕು. ಹಿಂದೆ ಬಡಿಯುವ ಹಿಮ್ಮಡಿ ಸಮಯ ತಿನ್ನುತ್ತದೆ.

ಮಂಡಿ ಮುಂದೆ ಬಂದು ತೊಡೆ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗುವವರೆಗೆ ಏರುತ್ತದೆ. ಅಷ್ಟು ಸಾಕು. ಅದಕ್ಕೂ ಮೇಲೆ ಎತ್ತಲು ಹೋದ ಮಕ್ಕಳು ಬೆನ್ನನ್ನು ಹಿಂದಕ್ಕೆ ಬಾಗಿಸುತ್ತಾರೆ, ಆಗ ಸೊಂಟ ಕುಸಿದು ಪಾದ ಮುಂದೆ ಬೀಳುತ್ತದೆ. ಈ ಇಡೀ ಹೊತ್ತು ಪಾದದ ಬೆರಳುಗಳು ಕಣಕಾಲಿನ ಕಡೆಗೆ ಮೇಲಕ್ಕೆ ಎಳೆದುಕೊಂಡಿರಬೇಕು. ಜೋತುಬಿದ್ದ ಪಾದ ನೆಲಕ್ಕೆ ತಾಗಿದಾಗ ಪಾದದ ಗಂಟು ಕುಸಿಯುತ್ತದೆ, ಬಲ ಅಲ್ಲೇ ಇಂಗಿಹೋಗುತ್ತದೆ; ಬಿಗಿಯಾದ ಗಂಟು ಸ್ಪ್ರಿಂಗ್‌ನಂತೆ ಅದನ್ನು ಮರಳಿಸುತ್ತದೆ.

ಮುಂದಿನದು ಎಲ್ಲಕ್ಕಿಂತ ಮುಖ್ಯವಾದ ಭಾಗ, ಮತ್ತು ಹೆಚ್ಚಿನವರು ಕಲಿಸದೆ ಬಿಡುವ ಭಾಗ. ಏರಿದ ತೊಡೆಯನ್ನು ಕೆಳಕ್ಕೂ ಹಿಂದಕ್ಕೂ ಬಲವಾಗಿ ಇಳಿಸಬೇಕು, ಕಾದ ಹಂಚಿನ ಮೇಲೆ ಕಾಲಿಟ್ಟವನು ಎಷ್ಟು ಬೇಗ ತೆಗೆಯುತ್ತಾನೋ ಅಷ್ಟು ಬೇಗ ನೆಲವನ್ನು ಹೊಡೆದು ಬಿಡಬೇಕು. ಪಾದದ ಮುಂಭಾಗ ಸೊಂಟದ ನೇರ ಕೆಳಗೆ, ಅಥವಾ ಅದಕ್ಕಿಂತ ಅಂಗೈಯಷ್ಟು ಮುಂದೆ ಬೀಳಬೇಕು. ಮೈಗಿಂತ ಬಹಳ ಮುಂದೆ ಬಿದ್ದ ಪ್ರತಿಯೊಂದು ಪಾದವೂ ಬ್ರೇಕ್ ಹಾಕಿದಂತೆ. ಅದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿಗೂ ಅಪಾಯಕಾರಿ: ಪಾದ ನೆಲಕ್ಕೆ ತಾಗುವ ಸ್ವಲ್ಪ ಮೊದಲು ಆ ಸ್ನಾಯು ಉದ್ದಕ್ಕೆ ಎಳೆಯಲ್ಪಟ್ಟು ಅತಿ ಹೆಚ್ಚು ಭಾರ ಹೊರುತ್ತಿರುತ್ತದೆ, ಮತ್ತು ವೇಗದ ಓಟದಲ್ಲಿ ಅದು ಹರಿಯುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಇದನ್ನು ಕಲಿಸಲು ಮೊದಲು ಗೋಡೆಯ ಅಭ್ಯಾಸ. ಗೋಡೆಗೆ ಎರಡೂ ಅಂಗೈ ಊರಿ, ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಗೆರೆಯಾಗುವಂತೆ ಓರೆಯಾಗಿ ನಿಂತು, ಒಂದು ಮಂಡಿಯನ್ನು ಎತ್ತಿ ಹಿಡಿದು, ಒಂದು ಎಣಿಕೆಗೆ ಕಾಲುಗಳನ್ನು ಅದಲುಬದಲು ಮಾಡಬೇಕು. ಆಮೇಲೆ ನಡಿಗೆಯಲ್ಲಿ ಮಂಡಿ ಎತ್ತಿ ಇಳಿಸುವುದು, ಅದೇ ಚಲನೆಯನ್ನು ಕುಪ್ಪಳಿಸುತ್ತ ಮಾಡುವ ಎ-ಸ್ಕಿಪ್, ಅದರ ನಂತರ ಗುರುತಿನ ಓಟ. ಗುರುತಿನ ಓಟಕ್ಕೆ ಸಣ್ಣ ಹರ್ಡಲ್‌ಗಳಿದ್ದರೆ ಸರಿ. ಇಲ್ಲದ ಶಾಲೆಗಳಲ್ಲಿ ಮೈದಾನದ ಮೇಲೆ ಸುಣ್ಣದ ಪುಡಿಯಿಂದ ಹತ್ತು ಹನ್ನೆರಡು ಅಡ್ಡಗೆರೆ ಎಳೆದರೆ ಸಾಕು. ಗೆರೆಗಳ ಅಂತರ ಆ ಓಟಗಾರನ ಸಹಜ ಹೆಜ್ಜೆಗಿಂತ ಅರ್ಧ ಅಡಿಯಷ್ಟು ಕಡಿಮೆ ಇರಲಿ. ಕಾಲು ಚಾಚುವ ಚಟವಿದ್ದವನಿಗೆ ಆ ಗೆರೆಗಳೇ ಮಾತಿಲ್ಲದೆ ಪಾಠ ಹೇಳುತ್ತವೆ. ನನ್ನ ಅನುಭವದಲ್ಲಿ ಬೇರೆ ಯಾವ ಅಭ್ಯಾಸವೂ ಇಷ್ಟು ಬೇಗ ಫಲ ಕೊಟ್ಟಿಲ್ಲ.

ಮೂರನೇ ಹಂತ: ಕೈಗಳನ್ನು ಅದಕ್ಕೆ ಹೊಂದಿಸುವುದು

ಕೈ ಬೀಸುವುದು ಭುಜದ ಕೀಲಿನಿಂದ, ಮೊಣಕೈಯಿಂದಲ್ಲ. ಭುಜ ಕೆಳಗಿದ್ದು ಸಡಿಲವಾಗಿರಬೇಕು. ಮುಂದೆ ಬಂದ ಕೈ ಗಲ್ಲ ಅಥವಾ ಕೆನ್ನೆಯ ಎತ್ತರಕ್ಕೆ ಬಂದು, ಹಿಂದಕ್ಕೆ ಹೋದಾಗ ಅಂಗೈ ಸೊಂಟವನ್ನು ಸ್ವಲ್ಪ ದಾಟಬೇಕು. ಗಮನವಿರಬೇಕಾದದ್ದು ಹಿಂದಕ್ಕೆ ಎಳೆಯುವುದರ ಮೇಲೆ: ಮೊಣಕೈಯನ್ನು ರಭಸದಿಂದ ಹಿಂದಕ್ಕೆ ಒಯ್ದರೆ ಭುಜದ ಮುಂಭಾಗದ ಸ್ನಾಯುಗಳು ಹಿಗ್ಗಿ ಕೈ ತಾನಾಗಿಯೇ ಮುಂದಕ್ಕೆ ಚಿಮ್ಮುತ್ತದೆ. ‘ಮುಂದಕ್ಕೆ ಗುದ್ದು’ ಎಂದು ಹೇಳಿದ ಮಕ್ಕಳ ಕೈ ಎದೆಯನ್ನು ಅಡ್ಡ ದಾಟುತ್ತದೆ. ‘ಹಿಂದೆ ನಿಂತವನಿಗೆ ಮೊಣಕೈಯಿಂದ ತಿವಿ’ ಎಂದು ಹೇಳಿ ನೋಡಿ, ಅದೇ ಕೈ ನೇರವಾಗುತ್ತದೆ.

ಮೊಣಕೈ 90 ಡಿಗ್ರಿಯಲ್ಲಿ ಬೀಗ ಹಾಕಿದಂತಿರಬೇಕು ಎಂಬ ಪಾಠ ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಅದು ಸರಿಯಲ್ಲ. ಒಳ್ಳೆಯ ಓಟಗಾರರ ನಿಧಾನ ಚಿತ್ರಗಳನ್ನು ನೋಡಿದರೆ ಕೈ ಮುಂದಿದ್ದಾಗ ಮೊಣಕೈ ಇನ್ನಷ್ಟು ಮಡಚಿ, ಸೊಂಟದ ಪಕ್ಕ ಹಾದು ಹಿಂದೆ ಹೋಗುವಾಗ 90 ಡಿಗ್ರಿಗಿಂತ ಸಾಕಷ್ಟು ತೆರೆದುಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ಕಾರಣವಿದೆ. ನೆಲವನ್ನು ಒತ್ತುತ್ತಿರುವ ಕಾಲು ಆ ಹೊತ್ತಿನಲ್ಲಿ ಉದ್ದವಾಗಿರುತ್ತದೆ, ಅದನ್ನು ಸರಿತೂಗಿಸುವ ಕೈಯೂ ಸ್ವಲ್ಪ ಉದ್ದವಾಗಬೇಕು. ಕಾಲು ಮಡಚಿ ಮುಂದೆ ಬರುವಾಗ ಕೈಯೂ ಮಡಚಬೇಕು. ಇದನ್ನು ಬಲವಂತವಾಗಿ ಮಾಡಿಸಬೇಕಾಗಿಲ್ಲ, ಬೀಗ ತೆಗೆದರೆ ಸಾಕು.

ಬೆರಳುಗಳ ವಿಷಯ ಚಿಕ್ಕದು: ಒಣಗಿದ ಎಲೆಯೊಂದನ್ನು ಮುರಿಯದಂತೆ ಹಿಡಿದಷ್ಟು ಹಿಡಿತ ಇರಲಿ, ಮುಷ್ಟಿ ಬೇಡ. ತೆರೆದ ಅಂಗೈಯೂ ಆಗಬಹುದು.

ಅಭ್ಯಾಸಕ್ಕೆ ನೆಲದ ಮೇಲೆ ಕಾಲು ಚಾಚಿ ಕುಳಿತು ಕೈ ಬೀಸುವುದು ಬಹಳ ಉಪಯುಕ್ತ. ಕೈ ಹಿಂದೆ ಹೋಗುವಾಗ ನೆಲಕ್ಕೆ ತಗಲದಂತೆ ನೋಡಿಕೊಳ್ಳುತ್ತ, ಮೊದಲು ನಿಧಾನವಾಗಿ, ಆಮೇಲೆ ಹತ್ತು ಸೆಕೆಂಡು ಪೂರ್ಣ ವೇಗದಲ್ಲಿ ಬೀಸಿದರೆ ಪೃಷ್ಠ ನೆಲದಿಂದ ಪುಟಿಯುವುದು ಗೊತ್ತಾಗುತ್ತದೆ. ಕೈಗಳು ಮೈಯನ್ನು ಮೇಲೆತ್ತುವುದೆಂದರೇನು ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ. ಅದರ ನಂತರ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು 20 ಮೀಟರ್ ಮುಕ್ಕಾಲು ವೇಗದಲ್ಲಿ ಓಡಿ, ಕೂಡಲೇ ಕೈ ಬಿಟ್ಟು ಮತ್ತೊಮ್ಮೆ ಓಡಬೇಕು. ಮೊದಲ ಓಟದಲ್ಲಿ ಎದೆ ಎಡಬಲಕ್ಕೆ ಹೊರಳುವುದೂ ಎರಡನೆಯದರಲ್ಲಿ ಅದು ಶಾಂತವಾಗುವುದೂ ಓಟಗಾರನಿಗೆ ತಾನೇ ಅನುಭವಕ್ಕೆ ಬರುತ್ತದೆ.

ನಾಲ್ಕನೇ ಹಂತ: ಬ್ಲಾಕ್‌ನಿಂದ ಮೊದಲ ಮೂವತ್ತು ಮೀಟರ್

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಉಳಿದವರು ನಿಂತು ಹೊರಟಾಗ ಅಮೆರಿಕದ ಥಾಮಸ್ ಬರ್ಕ್ ನೆಲಕ್ಕೆ ಕೈಯೂರಿ ಹೊರಟು ನೂರು ಮೀಟರ್ ಗೆದ್ದರು. ಆ ಭಂಗಿಯ ಲಾಭ ಸರಳ: ಕಾಲುಗಳು ಮೈಯನ್ನು ಮೇಲಕ್ಕಲ್ಲ, ಮುಂದಕ್ಕೆ ನೂಕಬಲ್ಲವು. ಮುಂದಿನ ಬ್ಲಾಕನ್ನು (ಹೊರಡುವಾಗ ಪಾದ ಒತ್ತುವ ಆಸರೆಯನ್ನು) ಗೆರೆಯಿಂದ ತನ್ನ ಎರಡು ಪಾದಗಳಷ್ಟು, ಹಿಂದಿನದನ್ನು ಮೂರು ಪಾದಗಳಷ್ಟು ದೂರಕ್ಕೆ ಇಟ್ಟು ಆರಂಭಿಸಿ, ಆಮೇಲೆ ಮೈಕಟ್ಟಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ‘ಸೆಟ್’ ಎಂದಾಗ ಸೊಂಟ ಭುಜಗಳಿಗಿಂತ ತುಸು ಮೇಲೇರಿ, ಮುಂದಿನ ಮಂಡಿ ಸುಮಾರು 90 ಡಿಗ್ರಿಯಲ್ಲೂ ಹಿಂದಿನದು ಅದಕ್ಕಿಂತ ತೆರೆದ ಕೋನದಲ್ಲೂ ನಿಲ್ಲುತ್ತವೆ.

ಕೈಗಳ ಪಾತ್ರ ಅತಿ ದೊಡ್ಡದಾಗಿ ಕಾಣುವುದು ಇಲ್ಲಿ. ಎಡಗಾಲು ಮುಂದಿನ ಬ್ಲಾಕಿನಲ್ಲಿದ್ದರೆ ಗುಂಡಿನ ಸದ್ದಿಗೆ ಎಡಗೈ ಮುಂದಕ್ಕೂ ಬಲಗೈ ಹಿಂದಕ್ಕೂ ಒಟ್ಟಿಗೆ ಸೀಳಿಕೊಂಡು ಹೋಗಬೇಕು, ಏಕೆಂದರೆ ಹಿಂದಿನ ಬ್ಲಾಕಿನ ಬಲಗಾಲು ಆಗ ಮುಂದಕ್ಕೆ ಬರುತ್ತಿರುತ್ತದೆ. ಮೊದಲ ಹೆಜ್ಜೆಗಳಲ್ಲಿ ಪಾದ ನೆಲದ ಮೇಲೆ ಹೆಚ್ಚು ಹೊತ್ತು ಇರುವುದರಿಂದ ಕೈಗಳ ಬೀಸೂ ದೊಡ್ಡದಾಗಿರುತ್ತದೆ. ವೇಗ ಏರಿದಂತೆ ಪಾದದ ಸ್ಪರ್ಶ ಚುಟುಕಾಗಿ ಬೀಸೂ ಚುರುಕಾಗುತ್ತದೆ. ಕಾಲುಗಳು ಈ ಹಂತದಲ್ಲಿ ಚಕ್ರ ಸುತ್ತುವುದಿಲ್ಲ, ಎಂಜಿನ್ನಿನ ಪಿಸ್ಟನ್‌ನಂತೆ ಹಿಂದಕ್ಕೆ ಒತ್ತುತ್ತವೆ: ಪಾದ ನೆಲದ ಹತ್ತಿರವೇ ಸಾಗಿ, ಕಣಕಾಲು ಮುಂದಕ್ಕೆ ಬಾಗಿದ ಕೋನದಲ್ಲೇ ನೆಲಕ್ಕೆ ತಾಗುತ್ತದೆ. ಮೈ ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪವೇ ಏಳಬೇಕು. ಮೂರನೇ ಹೆಜ್ಜೆಗೇ ತಲೆಯೆತ್ತಿ ಎದುರು ನೋಡುವವರು ತಮ್ಮ ಓಟದ ಅತ್ಯಮೂಲ್ಯ ಭಾಗವನ್ನು ಬಿಟ್ಟುಕೊಡುತ್ತಾರೆ. ಸಣ್ಣ ಏರಿನ ಮಣ್ಣಿನ ದಾರಿಯಲ್ಲಿ 20 ಮೀಟರಿನ ಓಟಗಳು ಇದಕ್ಕೆ ಅತ್ಯುತ್ತಮ ಅಭ್ಯಾಸ, ಏರು ತಾನೇ ಮೈಯನ್ನು ಬಾಗಿಸಿಡುತ್ತದೆ.

ಐದನೇ ಹಂತ: ಪೂರ್ಣ ವೇಗ, ತಿರುವು ಮತ್ತು ಕೊನೆಯ ಇಪ್ಪತ್ತು ಮೀಟರ್

ಪೂರ್ಣ ವೇಗವನ್ನು ಕಲಿಯಲು 20 ಮೀಟರಿನ ಹಾರುವ ಓಟ ಸೂಕ್ತ: 25ರಿಂದ 30 ಮೀಟರ್ ವೇಗ ಕೂಡಿಸಿಕೊಂಡು ಬಂದು, ನಡುವಿನ 20 ಮೀಟರನ್ನು ಮಾತ್ರ ಗಡಿಯಾರದಲ್ಲಿ ಅಳೆಯುವುದು. ಈ ಓಟಗಳಲ್ಲಿ ಕೈಗೆ ಕೊಡುವ ಸೂಚನೆ ಒಂದೇ ಇರಲಿ, ಕಾಲಿಗೆ ಕೊಡುವುದಾದರೆ ಕೈಯ ಬಗ್ಗೆ ಮಾತಾಡಬೇಡಿ. ಹತ್ತನೇ ಒಂದು ಸೆಕೆಂಡಿನಲ್ಲಿ ಎರಡು ವಿಷಯ ಯೋಚಿಸಲು ಯಾರಿಂದಲೂ ಆಗದು.

200 ಮೀಟರಿನ ತಿರುವಿನಲ್ಲಿ ಮೈ ಒಳಗಿನ ಗೆರೆಯ ಕಡೆಗೆ ಓರೆಯಾಗುತ್ತದೆ. ಎಡಗೈ ಮೈಗೆ ಹತ್ತಿರ, ಬಲಗೈ ತುಸು ಅಗಲವಾಗಿ, ಒಳಮುಖವಾಗಿ ಬೀಸುವುದು ಅಲ್ಲಿ ತಪ್ಪಲ್ಲ.

ನೂರು ಮೀಟರಿನ ಕೊನೆಯಲ್ಲಿ ಎಲ್ಲರ ವೇಗವೂ ಇಳಿಯುತ್ತದೆ, ವಿಶ್ವದಾಖಲೆಯ ಓಟದಲ್ಲೂ ಇಳಿದಿದೆ. ಕಡಿಮೆ ಇಳಿದವನು ಮುಂದೆ ಬಂದಂತೆ ಕಾಣುತ್ತಾನೆ. ದಣಿವು ಮೊದಲು ಕಾಣಿಸುವುದು ಕುತ್ತಿಗೆ ಮತ್ತು ಭುಜಗಳಲ್ಲಿ: ಭುಜ ಏರುತ್ತದೆ, ಕೈ ಎದೆಯನ್ನು ದಾಟತೊಡಗುತ್ತದೆ, ಸೊಂಟ ಹೊರಳುತ್ತದೆ, ಪಾದ ಮುಂದೆ ಬೀಳುತ್ತದೆ. ಕಾಲು ಕೆಟ್ಟಂತೆ ಕಂಡರೂ ಕೆಟ್ಟದ್ದು ಭುಜದಿಂದ ಶುರುವಾಗಿರುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಗೆರೆಯವರೆಗೂ ಲಯ ಕಾಪಾಡುವುದನ್ನು ಕಲಿಸುವಾಗ ನಾನು ಮಕ್ಕಳಿಗೆ ಈ ಅಂಕಿಯನ್ನು ತಪ್ಪದೆ ಹೇಳುತ್ತೇನೆ. ಕೊನೆಯ ಇಪ್ಪತ್ತು ಮೀಟರಿಗೆ ‘ಕೆನ್ನೆ ಸಡಿಲ, ಮೊಣಕೈ ಹಿಂದೆ’ ಎಂಬ ಸೂಚನೆ ಸಾಕು.

ಯಾರನ್ನು ನಕಲು ಮಾಡಬಾರದು

ಮೈಕಲ್ ಜಾನ್ಸನ್ ನೆಟ್ಟಗೆ ನಿಂತಂತೆ ಓಡುತ್ತ, ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ 1996ರ ಅಟ್ಲಾಂಟಾದಲ್ಲಿ 200 ಮೀಟರನ್ನು 19.32 ಸೆಕೆಂಡಿನಲ್ಲಿ ಮುಗಿಸಿದರು. ಬೋಲ್ಟ್ ಅವರ ಬೆನ್ನುಮೂಳೆ ಹುಟ್ಟಿನಿಂದಲೇ ಓರೆ. ಅವರ ಭುಜಗಳ ಏರಿಳಿತಕ್ಕೂ ಆ ಮೈಗೂ ಸಂಬಂಧವಿದೆ. ಆರು ಅಡಿ ಐದು ಅಂಗುಲದ ಆ ಓಟವನ್ನು ಐದೂವರೆ ಅಡಿಯ ಹುಡುಗನ ಮೇಲೆ ಹೊರಿಸಬಾರದು. ಪಾದ ಮೈಯ ಕೆಳಗೆ ಬೀಳುತ್ತಿದ್ದು, ಗಂಟು ಬಿಗಿಯಾಗಿದ್ದು, ಎದೆ ಹೊರಳದಿದ್ದರೆ ಉಳಿದ ವೈಚಿತ್ರ್ಯಗಳನ್ನು ಹಾಗೆಯೇ ಬಿಡುವುದು ಒಳ್ಳೆಯದು.

ವಾರದ ಅಭ್ಯಾಸ

ಹದಿನೈದರಿಂದ ಹದಿನೆಂಟು ವರ್ಷದವರಿಗೆ ವಾರದಲ್ಲಿ ಮೂರು ದಿನ ವೇಗದ ಅಭ್ಯಾಸ ಸಾಕು, ನಡುವೆ ಒಂದೊಂದು ದಿನವಾದರೂ ಅಂತರವಿರಲಿ. ಮೊದಲ ದಿನ 10ರಿಂದ 30 ಮೀಟರಿನ ಆರಂಭಗಳು, ಎರಡನೇ ದಿನ ಗುರುತಿನ ಓಟ ಮತ್ತು ನಾಲ್ಕೈದು ಹಾರುವ ಓಟ, ಮೂರನೇ ದಿನ 60ರಿಂದ 80 ಮೀಟರಿನ ಮೂರು ನಾಲ್ಕು ಓಟ. ಪೂರ್ಣ ವೇಗದಲ್ಲಿ ಓಡಿದ ಒಟ್ಟು ದೂರ ದಿನಕ್ಕೆ 300 ಮೀಟರಿನ ಆಸುಪಾಸಿನಲ್ಲಿ ನಿಲ್ಲಲಿ. ಪ್ರತಿ 10 ಮೀಟರ್ ಓಟಕ್ಕೆ ಒಂದು ನಿಮಿಷದ ವಿಶ್ರಾಂತಿ ಎಂಬುದು ಅನುಭವಿಗಳ ಲೆಕ್ಕ. 30 ಮೀಟರ್ ಓಡಿದವನು ಮೂರು ನಿಮಿಷ ಕಾಯಬೇಕು. ಇದನ್ನು ನೋಡಿದ ಪಾಲಕರಿಗೆ ಮಕ್ಕಳು ಸುಮ್ಮನೆ ನಿಂತಿದ್ದಾರೆ ಅನ್ನಿಸಬಹುದು, ಆದರೆ ದಣಿದು ಓಡಿದ ಓಟ ದಣಿದ ಚಲನೆಯನ್ನೇ ಕಲಿಸುತ್ತದೆ.

ಪ್ರತಿ ಅಭ್ಯಾಸದ ಕೊನೆಗೆ ಹ್ಯಾಮ್‌ಸ್ಟ್ರಿಂಗ್‌ಗಾಗಿ ಮಂಡಿಯೂರಿ, ಗೆಳೆಯನೊಬ್ಬ ಹಿಮ್ಮಡಿಗಳನ್ನು ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ನಾರ್ಡಿಕ್ ವ್ಯಾಯಾಮವನ್ನು ನಾಲ್ಕೈದು ಬಾರಿ ಮಾಡಿದರೆ ಸಾಕು, ಆರಂಭದಲ್ಲಿ ಅದಕ್ಕಿಂತ ಹೆಚ್ಚು ಬೇಡ. ಮೂರು ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅದೇ ಎತ್ತರದಲ್ಲಿ ಮೊಬೈಲ್ ಇಟ್ಟು ಮತ್ತೆ ಚಿತ್ರೀಕರಿಸಿ, ಹಳೆಯ ಚಿತ್ರದ ಪಕ್ಕದಲ್ಲಿ ಹೊಸದನ್ನಿಟ್ಟು, ಪಾದ ತಾಗಿದ ಕ್ಷಣದಲ್ಲಿ ಇನ್ನೊಂದು ಮಂಡಿ ಎಷ್ಟು ಮುಂದೆ ಬಂದಿದೆ ಎಂದು ನೋಡಿ. ಸ್ಪರ್ಧೆಗೆ ಹತ್ತು ದಿನ ಉಳಿದಿರುವಾಗ ಚಿತ್ರೀಕರಣವನ್ನೂ ತಿದ್ದುಪಡಿಯನ್ನೂ ನಿಲ್ಲಿಸಿ, ಆರಂಭದ ಓಟಗಳನ್ನಷ್ಟೇ ಉಳಿಸಿಕೊಳ್ಳಬೇಕು.